ಹವೆಯ ಗ್ರಂಥಸಂಪಾದಕ

ಹಳಗನ್ನಡ ಕಾವ್ಯವೊಂದನ್ನು ಅಚ್ಚಿಗೆ ಸಿದ್ಧಪಡಿಸುವ ಸಂಪಾದಕನ ಪಾಡು ನಮ್ಮ ಓದುಗರಿಗೆ ಹೊಸದಲ್ಲ. ಒಂದು ಓಲೆಪ್ರತಿಯಲ್ಲಿ ನಡುವಣ ಗರಿಗಳಿಲ್ಲ. ಇನ್ನೊಂದನ್ನು ಹುಳು ತಿಂದಿದೆ. ಮೂರನೆಯದರ ಲಿಪಿಕಾರ ತನಗೆ ಅರ್ಥವಾಗದುದನ್ನು ಅರ್ಥವಾದಂತೆ ತಿದ್ದಿದ್ದಾನೆ. ಇವೆಲ್ಲವನ್ನೂ ಎದುರಿಗಿಟ್ಟುಕೊಂಡು ಶುದ್ಧಪಾಠವನ್ನು ನಿರ್ಣಯಿಸುವವನಿಗೆ ಪಾಂಡಿತ್ಯದಷ್ಟೇ ಪ್ರಾಮಾಣಿಕತೆಯೂ ಬೇಕು. ಇಂಥದೇ ಕಾರ್ಯವನ್ನು ಕಾವ್ಯಕ್ಕಲ್ಲ, ಹವೆಗೆ ಮಾಡಿದವರು ಇಂಗ್ಲೆಂಡಿನ ಭೂಗೋಳ ಪ್ರಾಧ್ಯಾಪಕ ಗಾರ್ಡನ್ ಮ್ಯಾನ್ಲಿ (1902-1980).

ಮ್ಯಾನ್ಲಿಯವರ ಅಧ್ಯಾಪಕ ಜೀವನ ಹೊರನೋಟಕ್ಕೆ ಸಾಧಾರಣವಾದುದು. 1928ರಲ್ಲಿ ಡರ್ಹಮ್‌ಗೆ ಬಂದು ಅಲ್ಲಿನ ಭೂಗೋಳ ವಿಭಾಗವನ್ನು ಕಟ್ಟಿದರು. ಅನಂತರ ಕೇಂಬ್ರಿಜ್‌ನಲ್ಲಿ ಪಾಠ ಹೇಳಿದರು. 1948ರಿಂದ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, 1964ರಲ್ಲಿ ಲ್ಯಾಂಕ್ಯಾಸ್ಟರ್‌ನ ಹೊಸ ವಿಶ್ವವಿದ್ಯಾಲಯಕ್ಕೆ ಹೋಗಿ ಪರಿಸರವಿಜ್ಞಾನ ವಿಭಾಗಕ್ಕೆ ಅಡಿಪಾಯ ಹಾಕಿದರು. ಆದರೆ ಅವರ ನಿಜವಾದ ಪಾಠಶಾಲೆ ಪೆನ್ನೈನ್ ಬೆಟ್ಟಸಾಲು. ಅಲ್ಲಿನ ಗ್ರೇಟ್ ಡನ್ ಫೆಲ್ ಎಂಬ 848 ಮೀಟರ್ ಎತ್ತರದ ಬೆಟ್ಟದ ಮೇಲೆ 1937ರಲ್ಲಿ ಒಂದು ಪುಟ್ಟ ಗುಡಿಸಲನ್ನು ನಿಲ್ಲಿಸಿ, ಗಾಳಿ ಹಿಮಗಳ ನಡುವೆ ತಾವೇ ಹತ್ತಿಹೋಗಿ ಉಷ್ಣಮಾಪಕವನ್ನು ಓದುತ್ತಿದ್ದರು. ಆ ಬೆಟ್ಟದ ಇಳುಕಲಿನಲ್ಲಿ ಬೀಸುವ ‘ಹೆಲ್ಮ್’ ಎಂಬ ಬಿರುಗಾಳಿಯ ಮರ್ಮವನ್ನು ಅವರು ಬಿಡಿಸಿದ್ದು ಹೀಗೆ.

ಈ ಅನುಭವವೇ 1952ರಲ್ಲಿ ಸಾಮಾನ್ಯ ಓದುಗರಿಗಾಗಿ ಅವರು ಬರೆದ ‘ಕ್ಲೈಮೇಟ್ ಅಂಡ್ ದಿ ಬ್ರಿಟಿಷ್ ಸೀನ್’ ಗ್ರಂಥಕ್ಕೆ ಜೀವ ತುಂಬಿದೆ. ವಾಯುಗುಣವೆಂದರೆ ಬರಿಯ ಸರಾಸರಿಯಲ್ಲ, ನೋಡುವವನ ಮೈಗೂ ಕಣ್ಣಿಗೂ ತಾಕುವ ಸಂಗತಿ ಎಂಬುದು ಅದರ ದೃಷ್ಟಿ. ದೋಷವಿಲ್ಲವೆಂದಲ್ಲ. ಊರು, ಕಣಿವೆ, ಗುಡ್ಡಗಳ ಹೆಸರುಗಳು ಒತ್ತೊತ್ತಾಗಿ ಬಂದು, ಆ ನಾಡನ್ನು ಕಾಣದ ಓದುಗನಿಗೆ ದಾರಿ ತಪ್ಪುತ್ತದೆ. ತಮ್ಮೊಡನೆ ನಡೆದು ಬರುವವನಿಗೆಂದೇ ಲೇಖಕರು ಬರೆದಂತಿದೆ.

ಅವರ ಹೆಸರು ಇಂದು ಹೆಚ್ಚಾಗಿ ಉಳಿದಿರುವುದು ‘ಮಧ್ಯ ಇಂಗ್ಲೆಂಡಿನ ಉಷ್ಣತೆ’ಯ ಮಾಸಿಕ ಸರಣಿಯಿಂದ. 1698ರಿಂದ ಮೊದಲಾಗುವ ಸರಣಿಯನ್ನು 1953ರಲ್ಲಿ ಪ್ರಕಟಿಸಿ, 1974ರಲ್ಲಿ ಅದನ್ನು 1659ರವರೆಗೆ ಹಿಂದಕ್ಕೆ ಒಯ್ದರು. ಉಪಕರಣಗಳಿಂದ ದೊರೆತ ಉಷ್ಣತೆಯ ಸರಣಿಗಳಲ್ಲಿ ಇದಕ್ಕಿಂತ ದೀರ್ಘವಾದುದು ಲೋಕದಲ್ಲಿಲ್ಲ. ಲ್ಯಾಂಕಷೈರ್, ಬ್ರಿಸ್ಟಲ್, ಲಂಡನ್ನುಗಳ ನಡುವಣ ಪ್ರದೇಶದ ಹಳೆಯ ದಿನಚರಿಗಳೇ ಇದರ ಓಲೆಪ್ರತಿಗಳು. ಆ ಕಾಲದಲ್ಲಿ ಉಷ್ಣಮಾಪಕವನ್ನು ಬೆಂಕಿ ಹಾಕದ ಕೋಣೆಯೊಳಗೆ ತೂಗುಹಾಕುವುದುಂಟು. ಓದುವ ಹೊತ್ತು ಒಬ್ಬೊಬ್ಬರದು ಒಂದೊಂದು. 1752ಕ್ಕೆ ಮುಂಚಿನ ಕ್ಯಾಲೆಂಡರೇ ಬೇರೆ. 1707ರಿಂದ 1722ರವರೆಗಿನ ಲುಪ್ತಭಾಗಕ್ಕಂತೂ ಸಮುದ್ರದಾಚೆ ಹಾಲೆಂಡಿನ ಊಟ್ರೆಖ್ಟ್ ನಗರದ ದಾಖಲೆಯನ್ನು ಆಶ್ರಯಿಸಬೇಕಾಯಿತು.

ಊಹಾಪಾಠವನ್ನು ಒಳ್ಳೆಯ ಸಂಪಾದಕ ಕಂಸದಲ್ಲಿಡುತ್ತಾನೆ. ಮ್ಯಾನ್ಲಿಯವರೂ ಇಟ್ಟರು. 1659ರಿಂದ 1670ರವರೆಗೆ ಪೂರ್ಣ ಡಿಗ್ರಿ ಮಾತ್ರ; ಆಮೇಲಿನ ದುರ್ಬಲ ವರ್ಷಗಳಿಗೆ ಅರ್ಧ ಡಿಗ್ರಿ; ನೆಚ್ಚಬಹುದಾದ ವರ್ಷಗಳಿಗಷ್ಟೇ ಹತ್ತರ ಒಂದಂಶ. ಎಷ್ಟು ಬಲ್ಲೆನೋ ಅಷ್ಟನ್ನೇ ಹೇಳುವೆನೆಂಬ ಈ ಸಂಯಮವೇ ಅವರ ಶೈಲಿ.

ಖೇದದ ಸಂಗತಿಯೆಂದರೆ, ಇಂದಿನ ಕಂಪ್ಯೂಟರ್ ಕೋಷ್ಟಕಗಳು ಆ ಕಂಸವನ್ನು ಅಳಿಸಿವೆ. 1659ರ ಜನವರಿಯ ‘3’ ಈಗ ‘3.0’ ಆಗಿದೆ. ಒಂದು ಸೊನ್ನೆಯಿಂದ ಆಗುವ ಹಾನಿಯೇನು ಎನ್ನಬಹುದು. 1795ರ ಜನವರಿ ಸೊನ್ನೆಗಿಂತ 3.1 ಡಿಗ್ರಿ ಕೆಳಗಿದ್ದು, ಇಡೀ ಸರಣಿಯ ಅತಿ ಶೀತಲ ಮಾಸವೆಂದು ಗಣನೆಯಾಗಿದೆ. ಥೇಮ್ಸ್ ನದಿ ಹೆಪ್ಪುಗಟ್ಟಿದ 1684ರ ಜನವರಿ ಸೊನ್ನೆಗಿಂತ 3.0 ಕೆಳಗೆ. ಈ ಎರಡನೆಯದು ಅರ್ಧ ಡಿಗ್ರಿಯ ಲೆಕ್ಕದ್ದು. ಇವೆರಡರಲ್ಲಿ ಹೆಚ್ಚು ಚಳಿ ಯಾವುದರದೆಂದು ಸರಣಿಯಿಂದ ನಿರ್ಣಯಿಸಲಾಗದು. ಆದರೂ ಕೋಷ್ಟಕ ನಿರ್ಣಯಿಸಿಬಿಡುತ್ತದೆ.

ಈ ವಿವೇಚನೆ ಪಂಡಿತರ ಕಾಲಹರಣವಲ್ಲ. ಭೂಮಿ ಬಿಸಿಯಾಗುತ್ತಿದೆಯೇ ಎಂಬ ವಾಗ್ವಾದದಲ್ಲಿ ಈ ಸರಣಿಯನ್ನು ಎರಡು ಪಕ್ಷದವರೂ ಸಾಕ್ಷಿಗೆ ಕರೆಯುತ್ತಾರೆ. ಹಳೆಯ ಅಂಕಿಗಳ ದೌರ್ಬಲ್ಯವನ್ನು ಹಿಡಿದು ಇಡೀ ಸರಣಿಯನ್ನೇ ತಳ್ಳಿಹಾಕುವವರುಂಟು. ಹಳೆಯ ಅಂಕಿಗೂ ಹೊಸದಕ್ಕೂ ಸಮನಾದ ಬೆಲೆ ಕಟ್ಟುವವರೂ ಉಂಟು. ಕಂಸಗಳನ್ನು ಓದಬಲ್ಲವನು ಎರಡನ್ನೂ ಒಪ್ಪಲಾರ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದೀಚಿನ ಏರಿಕೆ, ಅಂಕಿಗಳು ಅತ್ಯಂತ ದೃಢವಾಗಿರುವ ಭಾಗದಲ್ಲಿಯೇ ಕಾಣುತ್ತದೆ. 2022ನೆಯ ವರ್ಷ ಅದುವರೆಗಿನ ಎಲ್ಲ ವರ್ಷಗಳನ್ನೂ ಬಿಸಿಯಲ್ಲಿ ಮೀರಿಸಿತು. ಹದಿನೇಳನೆಯ ಶತಮಾನದ ದಿನಚರಿಗಳ ಕುಂದು ಈ ಮಾತನ್ನು ಅಲುಗಿಸದು.

ಮ್ಯಾನ್ಲಿಯವರ ಕೋಷ್ಟಕವನ್ನು ಉಪಯೋಗಿಸುವವರು ಬಹಳ, ಅವರ ಪ್ರಬಂಧಗಳನ್ನು ಓದುವವರು ವಿರಳ. ಪೀಠಿಕೆಯನ್ನೂ ಅಡಿಟಿಪ್ಪಣಿಯನ್ನೂ ಬಿಟ್ಟು ಮೂಲಪದ್ಯವನ್ನಷ್ಟೇ ಅಚ್ಚು ಹಾಕಿದ ಕಾವ್ಯದಂತೆ ಅವರ ಕೃತಿ ಕೈಯಿಂದ ಕೈಗೆ ಸಾಗುತ್ತಿದೆ. ಅದನ್ನು ಟಿಪ್ಪಣಿಸಹಿತ ಓದಿದಾಗಲೇ ಈ ವಿದ್ವಾಂಸರಿಗೆ ನ್ಯಾಯ ಸಲ್ಲಿಸಿದಂತಾಗುತ್ತದೆ.