ನೊಯ್ಯಲ್ ದಡದ ಪೂರ್ವಪಕ್ಷ

ತತ್ವಶಾಸ್ತ್ರ ಓದಿದರೆ ಏನು ಕೆಲಸ ಸಿಗುತ್ತದೆ? ಪಂಪು, ನೂಲಿನ ಗಿರಣಿ, ಎಂಜಿನಿಯರಿಂಗ್ ಕಾಲೇಜುಗಳ ಕೊಯಮತ್ತೂರಿನಲ್ಲಾಗಲಿ, ಬನಿಯನ್ ಕಂಪನಿಗಳ ತಿರುಪ್ಪೂರಿನಲ್ಲಾಗಲಿ ಈ ಪ್ರಶ್ನೆ ಏಳುವುದು ಸಹಜವೇ. ಯೋಚನಾಶಕ್ತಿ ಬೆಳೆಯುತ್ತದೆ, ಐಎಎಸ್ ಪರೀಕ್ಷೆಗೆ ಉಪಯೋಗಕ್ಕೆ ಬರುತ್ತದೆ ಎಂಬ ವಿಶ್ವವಿದ್ಯಾಲಯಗಳ ಉತ್ತರ ಮಾತ್ರ ಸಪ್ಪೆ. ಗಣಿತದ ಬಗ್ಗೆಯೂ ಇಷ್ಟನ್ನೇ ಹೇಳಬಹುದಲ್ಲ!

ಆ ನೆಲದಲ್ಲಿ ತತ್ವಚಿಂತನೆಗೆ ಎಂದೂ ಬರವಿರಲಿಲ್ಲ. ಕೊಯಮತ್ತೂರಿನ ಬಳಿ, ನೊಯ್ಯಲ್ ಹೊಳೆಯ ದಡದ ಪೇರೂರಿನಲ್ಲಿ 17ನೇ ಶತಮಾನದ ವೀರಶೈವ ಗುರು ಶಾಂತಲಿಂಗರ ಮಠವಿದೆ. ಅವರ ‘ಕೊಲೈ ಮರುತ್ತಲ್’ ಜೀವಹಿಂಸೆಯನ್ನು ಖಂಡಿಸುವ ಕೃತಿ. ಅವರ ಭಾವಮೈದುನ ಶಿವಪ್ರಕಾಶರು ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ತಮಿಳಿಗೆ ತಂದವರು. ಮಠವೇ ಇಷ್ಟು ಕಲಿಸಬಲ್ಲದಾದರೆ ವಿಶ್ವವಿದ್ಯಾಲಯವೇಕೆ? ಮಠದಲ್ಲಿ ವಾದ ಎಲ್ಲಿಗೆ ಮುಟ್ಟಬೇಕೆಂಬುದು ಮೊದಲೇ ಗೊತ್ತಿರುತ್ತದೆ, ತರಗತಿಯಲ್ಲಿ ಗೊತ್ತಿರಬಾರದು. ವಿದ್ವಾಂಸ ಎಂ. ಹಿರಿಯಣ್ಣನವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಗಳಿಂದ ಬೆಳೆದು 1932ರಲ್ಲಿ ಹೊರಬಂದ ಭಾರತೀಯ ತತ್ವಶಾಸ್ತ್ರದ ಗ್ರಂಥದಲ್ಲಿ, ಬಹುಪಾಲು ಎದುರಾಳಿಗಳ ಬಾಯಿಂದಲೇ ನಮಗೆ ತಿಳಿದಿರುವ ಭೌತವಾದಿ ಚಾರ್ವಾಕರಿಗೂ ಒಂದು ಅಧ್ಯಾಯ ಸಂದಿದೆ. ಒಪ್ಪದ ಮಾತನ್ನೂ, ಅಂದರೆ ಪೂರ್ವಪಕ್ಷವನ್ನೂ, ನೆಟ್ಟಗೆ ಕೇಳಿಸುವ ಶಿಸ್ತು ಅದು.

ಆ ಶಿಸ್ತನ್ನು ಇದೇ ನೊಯ್ಯಲ್‌ಗೆ ಹಚ್ಚಿ ನೋಡಬೇಕು. ತಿರುಪ್ಪೂರಿನ ಡೈಯಿಂಗ್ ಘಟಕಗಳ ಉಪ್ಪುನೀರು ಹೊಳೆಗೆ ಇಳಿಯಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟೆಯಲ್ಲಿ ಕೊಳೆನೀರು ನಿಂತಿತು, ರೈತರ ಬಾವಿಗಳು ಕೆಟ್ಟವು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಘಟಕಗಳನ್ನು ಮುಚ್ಚಿಸಿದಾಗ ಕೂಲಿಯವರ ಕೆಲಸ ಹೋಯಿತು. ಉಪ್ಪು ತೆಗೆಯುವ ಬಗೆಯನ್ನು ಎಂಜಿನಿಯರ್ ಹೇಳುತ್ತಾನೆ, ದಂಡ ಕಟ್ಟುವವರು ಯಾರೆಂದು ವಕೀಲ ಹೇಳುತ್ತಾನೆ. ಆದರೆ ಒಂದೊಂದು ಘಟಕವೂ ‘ನನ್ನೊಬ್ಬನಿಂದ ಹೊಳೆ ಸಾಯಲಿಲ್ಲ’ ಎಂದರೆ ಆ ಮಾತಿನಲ್ಲಿ ಸುಳ್ಳೆಷ್ಟು, ನಿಜವೆಷ್ಟು? ಅಗ್ಗದ ಅಂಗಿ ಕೊಳ್ಳುವ ಹೊರದೇಶದವನಿಗೂ ಪಾಲಿದೆಯೇ? ಬಾವಿಯ ನಷ್ಟವನ್ನೂ ಕೂಲಿಯ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಇವು ತತ್ವಶಾಸ್ತ್ರದ ಪ್ರಶ್ನೆಗಳು. ಕಾರ್ಖಾನೆ ಮಾಲೀಕನ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ಮುರಿಯಲು ಕಲಿತ ವಿದ್ಯಾರ್ಥಿ ಹೊಳೆಯ ಪರವಾಗಿ ಕೂಗುವವನಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಾನೆ.

ಕೊರತೆಯಿರುವುದು ಕಲಿಸುವ ರೀತಿಯಲ್ಲಿ. ಪುರುಷಾರ್ಥಗಳನ್ನು ಐದು ಅಂಕದ ಟಿಪ್ಪಣಿಯಾಗಿ, ಕಾಂಟ್‌ನನ್ನು ಗೈಡಿನ ಎರಡು ಪುಟವಾಗಿ ಉರುಹೊಡೆಸಿದರೆ ಅದು ದರ್ಶನಗಳ ಹಾಜರಿ ಪುಸ್ತಕವಾಗುತ್ತದೆ, ಅಷ್ಟೆ. ಅಂಥ ಪದವಿ ಬೇಡವೆನ್ನುವ ತಂದೆತಾಯಿಯರ ಮೇಲೆ ನನಗೆ ಸಿಟ್ಟಿಲ್ಲ. ವಾದ ಮಾಡಿಸುವ ತರಗತಿ ಸಿಕ್ಕರೆ ಮಾತ್ರ ಮೂರು ವರ್ಷ ಕೊಡಬಹುದು. ಸೇರುವ ಮೊದಲು ಸಿಲಬಸ್ ನೋಡುವುದಕ್ಕಿಂತ ಒಂದು ಪಾಠ ಕೂತು ಕೇಳುವುದು ಒಳ್ಳೆಯದು.