ಲಂಟಾನಕ್ಕೆ ಸೋಲಿಗರ ಕೈ

ಬ್ರಿಟಿಷರ ಕಾಲದಲ್ಲಿ ಅಲಂಕಾರದ ಗಿಡವಾಗಿ ಬಂದ ಅಮೆರಿಕ ಮೂಲದ ಲಂಟಾನ ಮಲೆ ಮಹದೇಶ್ವರ ಬೆಟ್ಟದ ಕಾಡನ್ನು ದಟ್ಟವಾಗಿ ಆವರಿಸಿದೆ. ಪೊದೆಯಡಿ ಹುಲ್ಲು ಏಳದು; ಆನೆ, ಜಿಂಕೆಗಳಿಗೆ ಮೇವಿನ ಕೊರತೆ.

ಅದೇ ಕಳೆಯಿಂದ ಬೆಟ್ಟದ ಸೋಲಿಗ ಬುಡಕಟ್ಟಿನವರು ಕುರ್ಚಿ, ಟೀಪಾಯಿ, ಬುಟ್ಟಿ ಮಾಡುತ್ತಾರೆ. ಬೆಂಗಳೂರಿನ ಏಟ್ರೀ ಸಂಸ್ಥೆ ತರಬೇತಿ ಕೊಟ್ಟು ಜತೆಗೆ ನಿಂತಿತು. ಕಡಿದ ಕಡ್ಡಿಯನ್ನು ನೀರಲ್ಲಿ ಕುದಿಸಿ ಸಿಪ್ಪೆ ಸುಲಿಯುತ್ತಾರೆ. ಮೆತ್ತಗಾದ ಕಡ್ಡಿ ಹೇಳಿದಂತೆ ಬಾಗುತ್ತದೆ; ಒಣಗಿದರೆ ಗಟ್ಟಿ, ಗೆದ್ದಲೂ ಸುಲಭಕ್ಕೆ ಹತ್ತದು. ಗಂಟುಗಂಟಾದ ಕಡ್ಡಿಯಲ್ಲಿ ಕುರ್ಚಿಯ ಕೈಗೆ ನುಣುಪಾದ ತಿರುವು ಕೊಡುವುದು ಸಣ್ಣ ವಿದ್ಯೆಯಲ್ಲ. ಬೆತ್ತದ ಕೆಲಸಕ್ಕೆ ಇದು ಸರಿಸಾಟಿ.

2024ರಲ್ಲಿ ಲಾಲ್‌ಬಾಗ್‌ನಲ್ಲಿ ಲಂಟಾನ ಕಡ್ಡಿಯಿಂದ ಮಾಡಿದ ಆನೆಯ ಕಲಾಕೃತಿಗಳನ್ನು ಕಂಡವರಿಗೆ ಈ ಕಡ್ಡಿಯ ತಾಕತ್ತು ಗೊತ್ತು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳು ಮುಂದಿನ ಸಲ ಪೀಠೋಪಕರಣ ಕೊಳ್ಳುವಾಗ ಸೋಲಿಗರ ಕುರ್ಚಿಯನ್ನೂ ಒಮ್ಮೆ ನೋಡಲಿ.