ಒಂದೇ ಮಟ್ಟು, ಎರಡು ಹಾಡು

ಐಸ್‌ಲ್ಯಾಂಡಿನ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ಯೂರೋವಿಷನ್ ಹಾಡಿನ ಸ್ಪರ್ಧೆಗೆ 1986ರಲ್ಲಿ ಮೊದಲ ಸಲ ಹೋದ ಈ ನಾಡು ಇದುವರೆಗೆ ಗೆದ್ದಿಲ್ಲ. ಆದರೂ ಅದು ತನ್ನ ಹಾಡನ್ನು ಆರಿಸಿಕೊಳ್ಳುವ ರೀತಿಯಲ್ಲಿ ಸಾಹಿತ್ಯದ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ.

ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ನಡೆಸುತ್ತ ಬಂದ ಆಯ್ಕೆಯಲ್ಲಿ ಈಚಿನ ವರ್ಷಗಳ ನಿಯಮ ಹೀಗಿದೆ: ಸೆಮಿಫೈನಲ್‌ನಲ್ಲಿ ಹಾಡು ಐಸ್‌ಲ್ಯಾಂಡಿಕ್ ಭಾಷೆಯಲ್ಲೇ ಇರಬೇಕು. ಫೈನಲ್‌ನಲ್ಲಿ ಮಾತ್ರ, ಯೂರೋವಿಷನ್ ವೇದಿಕೆಯಲ್ಲಿ ಯಾವ ಭಾಷೆಯಲ್ಲಿ ಹಾಡುವುದೋ ಅದರಲ್ಲೇ ಹಾಡಬೇಕು. ಹಾಗಾಗಿ ಇಂಗ್ಲಿಷಿಗೆ ಹೊರಟ ಹಾಡಿನ ಮಟ್ಟಿಗೆ ಎರಡು ಸಲ ಮಾತು ಕೂಡಿಸಬೇಕಾಗುತ್ತದೆ.

ಮೇಲುನೋಟಕ್ಕೆ ಇದು ಮನೆಗೊಂದು ಭಾಷೆ, ನೆಂಟರಿಗೊಂದು ಭಾಷೆ ಎಂಬ ರಾಜಿಯಂತೆ ಕಾಣುತ್ತದೆ. ಯೂರೋವಿಷನ್ 1999ರಲ್ಲಿ ಭಾಷೆಯ ಕಟ್ಟು ಸಡಿಲಿಸಿತು. ಅದೇ ವರ್ಷ ಇಂಗ್ಲಿಷಿನಲ್ಲಿ ಹಾಡಿದ ಸೆಲ್ಮಾ ಎರಡನೆಯ ಸ್ಥಾನ ಪಡೆದರು. 2009ರಲ್ಲಿ ಯೋಹಾನಾ ಕೂಡ ಇಂಗ್ಲಿಷಿನಲ್ಲೇ ಹಾಡಿ ಎರಡನೆಯವರಾದರು. ಐಸ್‌ಲ್ಯಾಂಡ್ ಅದಕ್ಕಿಂತ ಮೇಲೇರಿಲ್ಲ. ಲೆಕ್ಕವಷ್ಟೇ ನೋಡಿದರೆ ತಾಯಿನುಡಿಗೆ ಅಲ್ಲಿ ಕೆಲಸವಿಲ್ಲ.

ಆದರೆ 2020ರ ಆಯ್ಕೆಯನ್ನು ನೋಡಿ. ದಾಧಿ ಫ್ರೇರ್ ಅವರ ಐಸ್‌ಲ್ಯಾಂಡಿಕ್ ಹಾಡಿಗೆ ಅವರ ತಂಡದ ಹೆಸರೇ ಶೀರ್ಷಿಕೆ. ‘ಡೇಟಾ ಪ್ರಮಾಣ’ ಎಂಬಂಥ ಅರ್ಥದ ಆ ಹೆಸರಿನ ಸುತ್ತ ಕಟ್ಟಿದ ತಮಾಷೆ ಅದು. ಅದೇ ಮಟ್ಟಿನ ಇಂಗ್ಲಿಷ್ ಹಾಡು ‘ಥಿಂಕ್ ಅಬೌಟ್ ಥಿಂಗ್ಸ್’ ಅವರ ಹಸುಗೂಸು ಮಗಳನ್ನು ಕುರಿತದ್ದು. ಮಾತು ಬಾರದ ಈ ಮಗು ಲೋಕದ ಬಗ್ಗೆ ಏನು ಯೋಚಿಸೀತು ಎಂಬ ತಂದೆಯ ಕುತೂಹಲವೇ ಅದರ ವಸ್ತು. ಕುಣಿತದ ಲಯ ಬದಲಾಗಿಲ್ಲ, ಆದರೆ ಹಾಡಿನ ಒಳಗೆ ಬೇರೆಯೇ ಜೀವ ಬಂದಿದೆ. ಇದನ್ನು ಅನುವಾದ ಎನ್ನಲಾಗದು. ಒಂದೇ ಮಟ್ಟಿಗೆ ಎರಡು ಸಲ ಬರೆಯಬೇಕಾಗಿ ಬಂದದ್ದರಿಂದ ಕವಿಗೆ ಒಂದರ ಬದಲು ಎರಡು ಹಾಡು ಸಿಕ್ಕವು. ಕೋವಿಡ್‌ನಿಂದ ಆ ವರ್ಷ ಯೂರೋವಿಷನ್ ನಡೆಯಲಿಲ್ಲ, ಹಾಡು ಮಾತ್ರ ಲೋಕ ಸುತ್ತಿತು.

ಅದರ ಹಿಂದಿನ ವರ್ಷ ಹಾಟರಿ ತಂಡ ಇದಕ್ಕೆ ವಿರುದ್ಧವಾದ ದಾರಿ ಹಿಡಿದಿತ್ತು. ‘ದ್ವೇಷ ಗೆಲ್ಲುತ್ತದೆ’ ಎಂಬ ಅರ್ಥದ ಶೀರ್ಷಿಕೆಯ ಹಾಡನ್ನು ಟೆಲ್ ಅವೀವ್‌ನಲ್ಲೂ ಐಸ್‌ಲ್ಯಾಂಡಿಕ್‌ನಲ್ಲೇ ಹಾಡಿ ಹತ್ತನೆಯ ಸ್ಥಾನ ಪಡೆಯಿತು. ಆ ಭಾಷೆ ಬಾರದ ನನಗೆ ಮೊದಲು ತಲುಪಿದ್ದು ಗಂಟಲು ಹರಿಯುವ ಅರಚಾಟ. ಅರ್ಥ ಆಮೇಲೆ ಬಂತು. ಆ ಕ್ರಮವೇ ಹಾಡಿನ ಬಲ. ಶೀರ್ಷಿಕೆಯ ಮಾತು ಇಂಗ್ಲಿಷಿನಲ್ಲಿ ನೇರವಾಗಿ ಕಿವಿಗೆ ಬಿದ್ದಿದ್ದರೆ ಅದು ಘೋಷಣೆಯಾಗುತ್ತಿತ್ತು. ಅರ್ಥವಾಗದೆ ಕೇಳಿಸಿದ್ದರಿಂದ ಅದು ಭಯವಾಯಿತು.

ಹಾಗೆಂದು ತಾಯಿನುಡಿಯಲ್ಲಿ ಉಳಿದದ್ದೆಲ್ಲ ಗೆದ್ದಿತು ಎನ್ನುವಂತಿಲ್ಲ. 2022ರಲ್ಲಿ ಮೂವರು ಅಕ್ಕತಂಗಿಯರು ಏರುವ ಸೂರ್ಯನ ಬಗ್ಗೆ ಐಸ್‌ಲ್ಯಾಂಡಿಕ್‌ನಲ್ಲೇ ಮೆಲ್ಲಗೆ ಹಾಡಿ 23ನೆಯವರಾದರು. ಆ ಅಂಕಿ ಹಾಡಿನ ವಿಮರ್ಶೆಯಲ್ಲ. ಕತ್ತಲ ಚಳಿಗಾಲ ಕಳೆದು ಬೆಳಕಿಗೆ ಕಾಯುವವರ ಹಾಡು ಅಲ್ಲಿನ ನುಡಿಯಲ್ಲೇ ಉಳಿದದ್ದು ನನಗೆ ಸರಿಯೆನಿಸುತ್ತದೆ.

ಈ ನಿಯಮದಿಂದ ಸಿಗುವ ಲಾಭ ಭಾಷೆಯ ರಕ್ಷಣೆಗಿಂತ ದೊಡ್ಡದು. ಎರಡೂ ರೂಪಗಳನ್ನು ಕೇಳಿ ಮತ ಹಾಕುವ ಸಾಮಾನ್ಯ ಕೇಳುಗ ತನಗರಿವಿಲ್ಲದೆ ಅನುವಾದದ ವಿಮರ್ಶಕನಾಗುತ್ತಾನೆ. ‘ಇನ್ನೊಂದು ಭಾಷೆಗೆ ಹೋಗಿ ಈ ಹಾಡು ಏನು ಪಡೆದುಕೊಂಡಿತು?’ ಎಂದು ಅವನು ಕೇಳಬೇಕಾಗುತ್ತದೆ. ಪಡೆದದ್ದು ಏನೂ ಇಲ್ಲವಾದರೆ, ಆ ಹಾಡು ಹುಟ್ಟಿದ ನುಡಿಯಲ್ಲೇ ಸೋಲುವುದು ಮೇಲು.